ಮರುದಿನದ ಸಿಕ್ಕಾ

ರಾತ್ರಿ ಹನ್ನೊಂದು ದಾಟಿತ್ತು. ಟ್ಯೂಬ್‌ಲೈಟಿನ ಹಿಂದಿನಿಂದ ಹಲ್ಲಿ ಲೊಚಗುಟ್ಟಿತು. ಮೂರು ಸಲ, ಬಹಳ ಸಣ್ಣಗೆ. ನನಗೆ ತಿಳಿಯುವ ಮೊದಲೇ ನನ್ನ ಬೆರಳು ಮೇಜನ್ನು ತಟ್ಟಿತ್ತು. ಒಳಗಿನ ಕೋಣೆಯಲ್ಲಿ ಮಲಗಿದ್ದ ನಮ್ಮ ಅತ್ತೆ ರೇಣುಕಮ್ಮ ಅರೆನಿದ್ದೆಯಲ್ಲೇ ಮಂಚದ ಪಟ್ಟಿ ತಟ್ಟಿದ್ದೂ ಕೇಳಿಸಿತು. ಅವರು ನಂಬುತ್ತಾರೆ, ತಟ್ಟುತ್ತಾರೆ. ನಾನು ನಂಬುವುದಿಲ್ಲ. ಆದರೂ ತಟ್ಟುತ್ತೇನೆ.

ನನ್ನ ಎದುರಿಗೆ ಒಂದೇ ಅರ್ಜಿ ಉಳಿದಿತ್ತು.

ನಾನು ಎಡದಂಡೆ ವಿಶ್ವವಿದ್ಯಾಲಯದ ನೇಮಕಾತಿ ವಿಭಾಗದಲ್ಲಿ ಸೂಪರಿಂಟೆಂಡೆಂಟ್. ಕೊಪ್ಪಳದಿಂದ ಗಂಗಾವತಿಗೆ ಹೋಗುವ ರಸ್ತೆಯ ಮೇಲಿರುವ ಸಣ್ಣ ಸರ್ಕಾರಿ ವಿಶ್ವವಿದ್ಯಾಲಯ ಅದು. ಹಳೆಯ ಸ್ನಾತಕೋತ್ತರ ಕೇಂದ್ರಕ್ಕೇ ಹೊಸ ಬೋರ್ಡು ಹಾಕಿದ್ದು. ಎಂಬಿಎ ಕಟ್ಟಡ ಮಾತ್ರ ನಿಜವಾಗಿ ಹೊಸದು. ಅಲ್ಲಿ ಕಾಯಂ ಅಧ್ಯಾಪಕರು ಇಬ್ಬರು, ಅತಿಥಿ ಉಪನ್ಯಾಸಕರು ಒಂಬತ್ತು ಜನ. ಡೀನ್ ಇಲ್ಲ. ಡೀನ್ ಕೋಣೆಯ ಕುರ್ಚಿಯ ಪ್ಲಾಸ್ಟಿಕ್ ಹೊದಿಕೆಯನ್ನು ಮೂರು ವರ್ಷದಿಂದ ಯಾರೂ ಬಿಚ್ಚಿರಲಿಲ್ಲ. ಕುಲಪತಿಗಳ ಅವಧಿ ಮುಗಿಯಲು ಬಂದಾಗ ಅವಸರ ಅವಸರವಾಗಿ ಜಾಹೀರಾತು ಕೊಟ್ಟೆವು. ಏಳು ಅರ್ಜಿ ಬಂದವು. ಅವನ್ನು ಪರಿಶೀಲಿಸಿ ಪಟ್ಟಿ ಮಾಡುವುದು ನನ್ನ ಕೆಲಸ. ಪಟ್ಟಿಯ ಕೊನೆಯ ಕಾಲಮ್ಮಿನ ಹೆಸರು ಷರಾ. ಅಲ್ಲಿ ನಾನು ಬರೆಯುವ ಒಂದು ಸಾಲಿನ ಮೇಲೆ ಅರ್ಜಿದಾರರು ಸಂದರ್ಶನಕ್ಕೆ ಬರುತ್ತಾರೆ, ಇಲ್ಲವೇ ಬರುವುದಿಲ್ಲ.

ಏಳನೆಯ ಅರ್ಜಿ ಡಾ. ಗಾಳೆಮ್ಮ ಅವರದು.

ಗಾಳೆಮ್ಮ ಮೇಡಂ ಗಂಗಾವತಿಯಲ್ಲಿ ನನಗೆ ಬಿ.ಕಾಂ. ಕಲಿಸಿದವರು. ಅವರ ತಂದೆ ಮುದಿಯಪ್ಪ ಅಕ್ಕಿ ಗಿರಣಿಯಲ್ಲಿ ಹಮಾಲ. ಮೇಡಂ ಆಗ ಇನ್ನೂ ಅರೆಕಾಲಿಕ ಉಪನ್ಯಾಸಕಿ. ಒಂದು ದಿನ ಪುಸ್ತಕ ಮುಚ್ಚಿಟ್ಟು ಇಡೀ ತರಗತಿಯನ್ನು ತಂದೆ ದುಡಿಯುವ ಗಿರಣಿಗೆ ಕರೆದುಕೊಂಡು ಹೋಗಿದ್ದರು. ಒಂದೇ ಭತ್ತದಿಂದ ಅಕ್ಕಿ, ನುಚ್ಚು, ತೌಡು, ಹೊಟ್ಟು ನಾಲ್ಕು ಕಡೆ ಬೀಳುವುದನ್ನು ತೋರಿಸಿ, "ಈಗ ಹೇಳ್ರಿ, ಭತ್ತದ ಖರ್ಚು ಯಾರ ತಲಿ ಮ್ಯಾಲ ಎಷ್ಟು ಹಾಕ್ತೀರಿ?" ಎಂದು ಕೇಳಿದ್ದರು. ಬೆನ್ನ ಮೇಲೆ ಚೀಲ ಹೊತ್ತು ಹಾದುಹೋಗುತ್ತಿದ್ದ ಮುದಿಯಪ್ಪ ನಿಂತು, "ಮೊದಲ ಹೊತ್ತವಗ ಎಷ್ಟು ಅಂತ ಕೇಳವ್ವ" ಎಂದಿದ್ದರು. ನಾವೆಲ್ಲ ನಕ್ಕಿದ್ದೆವು. ಎಲ್ಲರಿಗಿಂತ ಹೆಚ್ಚು ಮೇಡಂ ನಕ್ಕಿದ್ದರು.

ಆಮೇಲೆ ಅವರು ದಕ್ಷಿಣದ ಕಡೆಯ ಒಂದು ಕಾಲೇಜು ಸೇರಿ ಪ್ರೊಫೆಸರ್ ಆದರು. ಅಲ್ಲಿ ಎಲ್ಲರೂ ಈ ಹಳ್ಳಿಯ ಹೆಸರು ಬದಲಾಯಿಸಿಕೊಳ್ಳಿ ಎಂದಿದ್ದರಂತೆ, ಅವರು ಬದಲಾಯಿಸಿಕೊಂಡಿರಲಿಲ್ಲ. ಈಗ ಅವರಿಗೆ ಐವತ್ತನಾಲ್ಕು ತುಂಬಿತ್ತು. ಐವತ್ತೈದರೊಳಗಿದ್ದವರು ಮಾತ್ರ ಅರ್ಜಿ ಹಾಕಬಹುದು. ಮುಂದಿನ ಜಾಹೀರಾತು ಬರುವಷ್ಟರಲ್ಲಿ ಅವರ ವಯಸ್ಸು ಮೀರುತ್ತದೆ. ಊರಿಗೆ ಮರಳಲು ಇದೊಂದೇ ದಾರಿ ಎಂದು ಅವರ ಅರ್ಜಿಯಲ್ಲಿ ಎಲ್ಲೂ ಬರೆದಿರಲಿಲ್ಲ. ಹುಟ್ಟಿದ ತಾರೀಖು ನೋಡಿದವರಿಗೆ ಗೊತ್ತಾಗುತ್ತಿತ್ತು.

ಉಳಿದವರು ತಮ್ಮ ಮುನ್ನೋಟದ ಪತ್ರದಲ್ಲಿ ಜಗತ್ತಿನ ಮಾರುಕಟ್ಟೆಯ ಬಗ್ಗೆ ಬರೆದಿದ್ದರು. ಮೇಡಂ ಎರಡೇ ಪುಟ ಬರೆದಿದ್ದರು: ಮೊದಲ ವರ್ಷದ ವಿದ್ಯಾರ್ಥಿಗಳು ಗಂಗಾವತಿಯ ಗಿರಣಿಯಲ್ಲಿ ಒಂದು ತಿಂಗಳು, ಕುಷ್ಟಗಿಯ ದಾಳಿಂಬೆ ಬೆಳೆಗಾರರ ಜತೆ ಒಂದು ತಿಂಗಳು, ಯಲಬುರ್ಗಾದ ಹೆಣ್ಣುಮಕ್ಕಳ ಸಂಘಗಳಲ್ಲಿ ಒಂದು ತಿಂಗಳು ಕೂತು ಕಲಿಯಬೇಕು ಎಂದು. ನಾನು ಅದನ್ನು ಎರಡು ಸಲ ಓದಿದೆ. ಆಮೇಲೆ ಲಕೋಟೆಯ ಮೇಲಿನ ಸಿಕ್ಕಾ, ನಮ್ಮ ಕಚೇರಿಯ ಸ್ವೀಕೃತಿಯ ಮೊಹರು, ನೋಡಿದೆ.

ಅರ್ಜಿ ತಲುಪಲು ಕೊನೆಯ ದಿನ ಮುಗಿದ ಮರುದಿನದ ತಾರೀಖು ಅಲ್ಲಿ ಇತ್ತು.

ಉಳಿದ ಆರೂ ಅರ್ಜಿಗಳು ಅಂಚೆಯಲ್ಲಿ ಬಂದಿದ್ದವು. ಇದಕ್ಕೆ ಅಂಚೆಯ ಗುರುತಿರಲಿಲ್ಲ. ಯಾರೋ ಕೈಯಲ್ಲಿ ತಂದುಕೊಟ್ಟಿದ್ದರು. ಬೆಳಿಗ್ಗೆ ಆವಕ ವಿಭಾಗಕ್ಕೆ ಹೋಗಿ, ಬಂದ ಕಾಗದಕ್ಕೆಲ್ಲ ಸಿಕ್ಕಾ ಹೊಡೆಯುವ ಗಾದಿಲಿಂಗಪ್ಪನವರನ್ನು "ಇದನ್ನು ತಂದವರು ಯಾರು, ಯಾವತ್ತು ತಂದರು?" ಎಂದು ಕೇಳಬಹುದಿತ್ತು. ಒಂದು ನಿಮಿಷದ ಕೆಲಸ. ಆದರೆ ಹಿಂದಿನ ದಿನವಷ್ಟೇ ನಮ್ಮ ವಿಭಾಗದ ಗೌರೀಶ ಎಲ್ಲರೆದುರು, "ನಿಮ್ಮ ಮೇಡಂ ಅರ್ಜಿನೂ ಐತಂತಲ್ರಿ. ಗುರುದಕ್ಷಿಣಿ ಕೊಡೂ ಟೈಮ್ ಬಂತು ನೋಡ್ರಿ ಮತ್ತ!" ಎಂದು ನಕ್ಕಿದ್ದ. ನಾನೂ ನಕ್ಕಿದ್ದೆ. ಆದರೆ ಆ ಮಾತು ನನ್ನೊಳಗೆ ಕೂತುಬಿಟ್ಟಿತ್ತು. ಬೇರೆಯವರ ಅರ್ಜಿಯಾಗಿದ್ದರೆ ಖಂಡಿತ ಕೇಳುತ್ತಿದ್ದೆ. ಮೇಡಂ ಅವರದೆಂದೇ ಕೇಳಲಿಲ್ಲ.

ಷರಾ ಕಾಲಮ್ಮಿನಲ್ಲಿ ಬರೆದೆ: "ಕೊನೆಯ ದಿನಾಂಕದ ನಂತರ ಸ್ವೀಕೃತವಾಗಿದೆ. ಪರಿಗಣಿಸಿಲ್ಲ." ಅಕ್ಷರ ಚೆನ್ನಾಗಿ ಬಂದಿತ್ತು.

ಪಟ್ಟಿಯನ್ನು ವೆಬ್‌ಸೈಟಿಗೆ ಹಾಕಿ ಆಕ್ಷೇಪಣೆಗೆ ಏಳು ದಿನ ಕೊಟ್ಟೆವು. ಪ್ರತಿ ಸಲ ಫೋನ್ ಬಂದಾಗಲೂ ಮೇಡಂ ಇರಬಹುದು ಎಂದು ಮೊದಲು ನಂಬರು ನೋಡುತ್ತಿದ್ದೆ. ಅವರು ಫೋನ್ ಮಾಡಲಿಲ್ಲ, ಪತ್ರವನ್ನೂ ಬರೆಯಲಿಲ್ಲ. ತಡವಾಗಿದ್ದು ಅವರಿಗೂ ಗೊತ್ತಿರಬೇಕು ಎಂದು ಸಮಾಧಾನ ಮಾಡಿಕೊಂಡೆ.

ಸಂದರ್ಶನಕ್ಕೆ ನಾಲ್ವರು ಬಂದರು. ಒಬ್ಬರು ಇಲ್ಲಿಂದ ಬೆಂಗಳೂರಿಗೆ ರಾತ್ರಿ ರೈಲು ಎಷ್ಟು ಹೊತ್ತಿಗೆ ಎಂದು ನನ್ನನ್ನೇ ಎರಡು ಸಲ ಕೇಳಿದರು. ಇನ್ನೊಬ್ಬರಿಗೆ ಸಮಿತಿಯವರು ಕುಷ್ಟಗಿ ಯಾವ ಜಿಲ್ಲೆ ಎಂದು ಕೇಳಿದರೆ, ರಾಯಚೂರು ಎಂದರು. ಕೊಪ್ಪಳ ಇನ್ನೂ ಬೇರೆ ಜಿಲ್ಲೆಯಾಗದಿದ್ದ ಕಾಲದಲ್ಲಿ, ನಾನು ಸಣ್ಣವಳಿದ್ದಾಗ, ಅದು ಸರಿ ಉತ್ತರವಾಗಿತ್ತು. ಸಂಜೆ ಸಮಿತಿ ಸಹಿ ಮಾಡಿದ ಹಾಳೆಯಲ್ಲಿ "ಯಾರೂ ಅರ್ಹರೆಂದು ಕಂಡುಬಂದಿಲ್ಲ" ಎಂದಿತ್ತು. ಸಿಂಡಿಕೇಟ್ ಸಭೆ ಒಪ್ಪಿದರೆ ಅಲ್ಲಿಗೆ ಮುಗಿಯಿತು. ಸಭೆಗೆ ಇನ್ನೂ ಹನ್ನೆರಡು ದಿನ ಇತ್ತು.

ಅದಾದ ಮೂರನೆಯ ದಿನ ಎಳ್ಳ ಅಮಾವಾಸ್ಯೆ. ಬೆಳೆಗೆ ಎಡೆ ಎರಚಿ ಚರಗ ಚೆಲ್ಲಲು ಎಲ್ಲರೂ ಹೊಲಕ್ಕೆ ಹೋಗಿದ್ದರಿಂದ ಕಚೇರಿ ಖಾಲಿ. ನನ್ನ ಬಡ್ತಿಯ ಮನವಿ ಕೊಡಲು ಅದೇ ಒಳ್ಳೆಯ ಸಮಯ ಎನಿಸಿತು. ಯಾರೂ ನೋಡುವುದಿಲ್ಲ, ಯಾರೂ ಮಾತಾಡುವುದಿಲ್ಲ. ಆವಕ ವಿಭಾಗದಲ್ಲಿ ಗಾದಿಲಿಂಗಪ್ಪನವರೊಬ್ಬರೇ ಡಬ್ಬಿ ಬಿಚ್ಚಿಟ್ಟುಕೊಂಡು ಕೂತಿದ್ದರು. ಎರಡು ತಿಂಗಳಲ್ಲಿ ನಿವೃತ್ತರಾಗುವವರು. ಕಚೇರಿಯಲ್ಲಿ ಯಾರ ಬಗ್ಗೆಯೂ ಕೆಟ್ಟ ಮಾತಾಡದ ಒಬ್ಬರೇ ಒಬ್ಬರು.

"ಬರ್ರಿ ಮೇಡಂರ, ಶೇಂಗಾ ಹೋಳಿಗಿ ತಗೋರಿ. ಮಧ್ಯಾಹ್ನ ನಾನೂ ಹೊಲಕ್ಕ ಹೊಂಟೀನಿ" ಎಂದರು. ನನ್ನ ಮನವಿಯನ್ನು ಕಣ್ಣಿಗೆ ಹತ್ತಿರ ಹಿಡಿದು ಓದಿ, ಸಿಕ್ಕಾ ಹೊಡೆಯದೆ ಕೆಳಗಿನ ಡ್ರಾದಲ್ಲಿ ಇಟ್ಟರು.

"ಯಾಕ್ರಿ? ಸಿಕ್ಕಾ?"

"ಇವತ್ತ ಬ್ಯಾಡ್ರಿ, ಅಮಾಸಿ ಐತಿ. ನಾಳೆ ಮುಂಜಾನಿ ಮೊದಲನೇ ಸಿಕ್ಕಾ ನಿಮ್ಮದಕ್ಕ."

ನಾನು ನಕ್ಕೆ. "ಅಮಾಸಿಗೂ ಸಿಕ್ಕಾಕ್ಕೂ ಏನ್ರಿ ಸಂಬಂಧ?"

"ಛಲೋ ಕಾಗದ ಅಮಾಸಿ ದಿನ ದಾಖಲ್ ಮಾಡಬಾರದ್ರಿ. ನೌಕರಿ ಅರ್ಜಿ, ಬಡ್ತಿ, ಮದುವಿ ರಜಾ, ಯಾವುದೂ ಹೊಡ್ಯಂಗಿಲ್ಲ ನಾನು. ಕೋರ್ಟ್ ನೋಟೀಸು, ಆಡಿಟ್‌ನವರ ಕಾಗದ ಬಂದ್ರ ನೋಡ್ರಿ, ಅವತ್ತ ದಪ್ಪನ ಹೊಡದ ಬಿಡತೀನಿ, ಹಾಳಾಗಿ ಹೋಗ್ಲಿ ಅಂತ." ತಮ್ಮ ಮಾತಿಗೆ ತಾವೇ ನಕ್ಕರು. "ಇಪ್ಪತ್ತೆಂಟು ವರ್ಷಾತು. ನನ್ನ ಕೈಯಾಗಿಂದ ಯಾರಿಗೂ ಕೆಡಕ ಆಗಿಲ್ಲ."

ಹೋಳಿಗೆ ನನ್ನ ಕೈಯಲ್ಲೇ ಉಳಿಯಿತು. ಡೀನ್ ಅರ್ಜಿಗಳ ಕೊನೆಯ ದಿನ ಯಾವ ದಿನವಾಗಿತ್ತು ಎಂದು ನೆನಪು ಮಾಡಿಕೊಂಡೆ. ಹಿಂದಿನ ತಿಂಗಳು. ಛಟ್ಟಿ ಅಮಾವಾಸ್ಯೆ. ಅವತ್ತು ಬೆಳಿಗ್ಗೆ ಅತ್ತೆ ನಿಂಬೆಹಣ್ಣು ಕೇಳಿದ್ದರು.

"ಛಟ್ಟಿ ಅಮಾಸಿ ದಿನ," ಎಂದೆ, ನಿಧಾನವಾಗಿ, "ಯಾರಾದ್ರೂ ಒಂದು ಲಕೋಟಿ ಕೈಯಾಗ ತಂದುಕೊಟ್ಟಿದ್ರೇನ್ರಿ?"

"ಬಂದಿದ್ರಲ್ರಿ ಒಬ್ಬ ಮುತ್ಯಾ. ಬಿಳಿ ರುಮಾಲು, ಬೆನ್ನು ಇಷ್ಟು ಬಾಗಿತ್ತು. ಗಂಗಾವತಿಯಿಂದ ಬಂದಿದ್ರು. ಲಕೋಟಿ ಎದಿಗೆ ಅವಚಿಕೊಂಡು ಆ ಬೆಂಚಿನ ಮ್ಯಾಲೆ ಕುಂತಿದ್ರು. 'ಮಗಳು ಇವತ್ತ ಮುಟ್ಟಿಸಬೇಕು ಅಂದಾಳ, ಮುಟ್ಟಿಸೀನಿ. ಆದ್ರ ತಮ್ಮಾ, ಅಮಾಸಿ ದಿನ ಅಕಿ ಕಾಗದಕ್ಕ ಸಿಕ್ಕಾ ಹೊಡೀಬ್ಯಾಡಪ್ಪ, ನಾಳೆ ಹೊಡಿ' ಅಂದ್ರು. ನಾನ ಅದನ್ನ ಹೇಳಾಕ ಹೊಂಟಿದ್ದೆ, ಅವರ ಬಾಯಾಗ ಬಂತು! ನಮ್ಮಂಗ ತಿಳದವರು ಅಂತ ಚಾ ಕುಡಿಸಿ ಕಳಿಸಿದೆ." ಡಬ್ಬಿಯ ಮುಚ್ಚಳ ಹಾಕುತ್ತ ಕೇಳಿದರು, "ಆತೇನ್ರಿ ಆ ಮುತ್ಯಾನ ಮಗಳ ಕೆಲಸ?"

"ಇನ್ನೂ ಇಲ್ರಿ."

"ಆಕ್ಕೈತಿ ತಗೋರಿ. ಛಲೋ ದಿನ ನೋಡಿ ಹೊಡದೀನಿ."

ಆ ಮಧ್ಯಾಹ್ನ ನಾನು ಒಬ್ಬಳೇ ಕೂತು ಒಂದು ಟಿಪ್ಪಣಿ ಟೈಪ್ ಮಾಡಿದೆ. ಏಳನೆಯ ಅರ್ಜಿ ಸಕಾಲದಲ್ಲಿ ಬಂದಿತ್ತು, ಪಟ್ಟಿ ತಪ್ಪಾಗಿದೆ, ಸಂದರ್ಶನ ಮತ್ತೆ ಮಾಡಬೇಕು. ಇಷ್ಟೇ. ಕುಲಸಚಿವರಿಗೆ ಅದನ್ನು ಕೊಟ್ಟರೆ ಮೊದಲು ಗಾದಿಲಿಂಗಪ್ಪನವರ ಅಮಾನತ್ತು, ಆಮೇಲೆ ಅವರ ಪಿಂಚಣಿಗೆ ತಡೆ. ಆಮೇಲೆ ನನ್ನನ್ನು ಕೇಳುತ್ತಾರೆ, ಪರಿಶೀಲನೆ ಮಾಡಿದವರು ನೀವಲ್ಲವೇ ಎಂದು. ನನ್ನ ಬಡ್ತಿಯ ಮನವಿ ಅವರ ಮೇಜಿಗೇ ಹೋಗಬೇಕು. ಟಿಪ್ಪಣಿಯನ್ನು ಅಳಿಸಿದೆ. ಮರುದಿನ ಮತ್ತೆ ಟೈಪ್ ಮಾಡಿದೆ. ಮತ್ತೆ ಅಳಿಸಿದೆ.

ಟಿಪ್ಪಣಿ ಹೋಗಲಿ, ಮೇಡಂಗೆ ಒಂದು ಫೋನ್ ಮಾಡಬಹುದಿತ್ತು. ಅದರಿಂದ ಯಾರ ಪಿಂಚಣಿಯೂ ನಿಲ್ಲುತ್ತಿರಲಿಲ್ಲ. ನಂಬರು ಅರ್ಜಿಯಲ್ಲೇ ಇತ್ತು. ನಾಲ್ಕನೆಯ ದಿನ ಒತ್ತಿದೆ, ಒಂದು ಸಲ ರಿಂಗ್ ಆಗುವ ಮೊದಲೇ ಕತ್ತರಿಸಿದೆ. ಏನು ಹೇಳಬೇಕು ಎಂದು ಸರಿಯಾದ ಮಾತು ಹುಡುಕುತ್ತಿದ್ದೆ. ನಾನು ಯಾವಾಗಲೂ ಹೀಗೆಯೇ, ಮಾತು ಸರಿಯಾಗುವವರೆಗೆ ಕಾಯುತ್ತೇನೆ. ಹಾಗೆ ಕಾಯುತ್ತಿರುವಾಗ ಸಿಂಡಿಕೇಟ್ ಸಭೆಯೂ ಆಗಿಹೋಯಿತು.

ಎಳ್ಳ ಅಮಾವಾಸ್ಯೆಯಾಗಿ ಮೂರು ವಾರಕ್ಕೆ, ಊಟದ ಹೊತ್ತಿನಲ್ಲಿ, ನನ್ನ ಕೋಣೆಯ ಬಾಗಿಲಲ್ಲಿ ಗಾಳೆಮ್ಮ ಮೇಡಂ ನಿಂತಿದ್ದರು. ಕೂದಲು ಪೂರಾ ಬೆಳ್ಳಗಾಗಿತ್ತು. ಕೈಯಲ್ಲಿ ಚೀಲವಿರಲಿಲ್ಲ, ಕಾಗದವೂ ಇರಲಿಲ್ಲ.

"ಅನ್ನಪೂರ್ಣಾ, ಗುರುತು ಸಿಕ್ತೇನ?"

ನಾನು ಎದ್ದು ನಿಂತೆ. ಕುರ್ಚಿ ಹಿಂದಕ್ಕೆ ಬಿತ್ತು.

"ಗಾಬರಿ ಆಗಬ್ಯಾಡ. ಕೆಲಸದ ಸುದ್ದಿಗೆ ಬಂದಿಲ್ಲ ನಾನು." ಅವರು ಕೂರಲಿಲ್ಲ. "ಅಪ್ಪ ಹೋದ್ರು. ನಿನ್ನೆ ಅವರ ದಿನಾ ಕಾರ್ಯ ಮುಗೀತು. ಇವತ್ತ ರಾತ್ರಿ ಬಸ್ಸಿಗೆ ಹೊಂಟೀನಿ. ಅದಕ್ಕ ಒಂದ ಮಾತು ಕೇಳಿ ಹೋಗೂಣಂತ ಬಂದೆ."

"ಯಾವತ್ತು ಮೇಡಂ?" ಎಂದಷ್ಟೇ ಕೇಳಲು ಆಯಿತು.

ಅವರು ವಾರ, ತಾರೀಖು ಹೇಳಿದರು. ನನಗರಿವಿಲ್ಲದೆ ಲೆಕ್ಕ ಹಾಕಿದೆ. ಎಳ್ಳ ಅಮಾವಾಸ್ಯೆಯಾದ ಒಂಬತ್ತನೆಯ ದಿನ.

"ಅರ್ಜಿಗೆ ಹಚ್ಚಬೇಕಾದ ಒಪ್ಪಿಗಿ ಪತ್ರ ನಮ್ಮ ಕಾಲೇಜಿನವರು ಕೊಟ್ಟಿದ್ದು ಕಡೀ ದಿನದ ಹಿಂದಿನ ಸಂಜೀಕ. ಪೋಸ್ಟಿಗೆ ಹಾಕಿದ್ರ ಮುಟ್ಟಂಗಿಲ್ಲ. ರಾತ್ರಿ ಬಸ್ಸಿನ್ಯಾಗ ಪಾರ್ಸಲ್ ಹಾಕಿ, ಗಂಗಾವತಿ ಸ್ಟ್ಯಾಂಡಿನ್ಯಾಗ ತಗೊಂಡು ಅವತ್ತ ಇಲ್ಲಿ ಕೊಡು ಅಂತ ಅಪ್ಪಗ ಹೇಳಿದ್ದೆ. ಕೊಟ್ಟೆ ಅಂದ್ರು. ಆಮ್ಯಾಲೆ ನಿಮ್ಮ ಪಟ್ಟಿ ನೋಡಿದೆ." ಅವರು ಕಿಟಕಿಯ ಕಡೆ ನೋಡಿದರು. "ಅವತ್ತ ಅಮಾಸಿ ಅಂತ ನನಗ ಆವಾಗ ಹೊಳೀತು. ನಲವತ್ತು ವರ್ಷ ಅಮಾಸಿ ದಿನ ಅಪ್ಪ ಚೀಲ ಹೊತ್ತಿಲ್ಲ, ಬಸ್ಸು ಹತ್ತಿಲ್ಲ. ನಡಕೊಂತ ಹೇಮಗುಡ್ಡಕ್ಕ ಹೋಗಿ ದುರ್ಗಮ್ಮಗ ಕಾಯಿ ಒಡದು ಬರೋದು, ಅಷ್ಟ. ಅವತ್ತೂ ಗುಡ್ಡಕ್ಕ ಹೋಗ್ಯಾರ, ಮರುದಿನ ಇಲ್ಲಿಗೆ ಬಂದಾರ ಅಂತ ತಿಳಕೊಂಡೆ. ಫೋನ್ ಮಾಡಿ, ಸುಳ್ಳು ಹೇಳಬ್ಯಾಡಪ್ಪ ಅಂದೆ. ಇಲ್ಲವ್ವ, ಅವತ್ತ ಹೋಗಿದ್ದೆ ಅಂದ್ರು. ಇನ್ನೊಂದು ಸಲ ಸುಳ್ಳು ಹೇಳಬ್ಯಾಡ ಅಂತ ಒದರಿ ಫೋನ್ ಇಟ್ಟೆ. ಎಳ್ಳಮಾಸಿಗೆ ಊರಿಗೆ ಬರಲಿಲ್ಲ. ಸಿಟ್ಟಿತ್ತು."

ವರಾಂಡದಲ್ಲಿ ಯಾರೋ ಟಿಫಿನ್ ತೊಳೆಯುತ್ತಿದ್ದರು.

"ಅದ ಕಡೀ ಮಾತು ಆಗಿಬಿಡ್ತು, ಅನ್ನಪೂರ್ಣಾ. ಹೇಳು, ಅಪ್ಪ ಯಾವತ್ತು ಬಂದಿದ್ರು?"

"ಅವತ್ತ ಬಂದಿದ್ರು ಮೇಡಂ," ಎಂದೆ. "ಅಮಾಸಿ ದಿನಾನ ಬಂದಿದ್ರು. ಲಕೋಟಿ ಎದಿಗೆ ಹಿಡಕೊಂಡು ಬಂದಿದ್ರಂತ."

ಅವರು ಮೇಜಿನ ಅಂಚು ಹಿಡಿದುಕೊಂಡರು. ಅಳಲಿಲ್ಲ.

"ಗುಡ್ಡಕ್ಕ ಹೋಗಲಿಲ್ಲ ಹಂಗಾರ" ಎಂದರು, ನನಗಲ್ಲ.

"ತಪ್ಪು ನಮ್ಮದು. ಸಿಕ್ಕಾ ಮರುದಿನ ಬಿದ್ದೈತ್ರಿ. ನಾನು ಕೇಳಬೇಕಿತ್ತು, ಕೇಳಲಿಲ್ಲ. ನೀವಂತ ಗೊತ್ತಿದ್ದಕ್ಕ ಕೇಳಲಿಲ್ಲ." ಮಾತು ಒಂದರ ಮೇಲೊಂದು ಬಂದವು. "ನಾನು ಬರದು ಕೊಡತೀನ್ರಿ. ಧಾರವಾಡದ ಹೈಕೋರ್ಟಿಗೆ ಹೋಗಬಹುದು." ಆ ಕ್ಷಣಕ್ಕೆ ನಾನು ನಿಜವಾಗಿಯೂ ಬರೆದು ಕೊಡುತ್ತಿದ್ದೆ ಎಂದು ಅಂದುಕೊಂಡಿದ್ದೇನೆ.

"ಬ್ಯಾಡವ್ವ. ಅಪ್ಪ ಇಲ್ಲದ ಊರಿಗೆ ಬಂದು ಆ ಕುರ್ಚಿ ಮ್ಯಾಲೆ ಕುಂತು ಏನ್ ಮಾಡಲಿ?" ಆಮೇಲೆ, ತರಗತಿಯಲ್ಲಿ ಪ್ರಶ್ನೆ ಕೇಳುವಾಗಿನಂತೆ ತಲೆ ಓರೆ ಮಾಡಿ ನನ್ನನ್ನು ನೋಡಿದರು. "ಸಿಕ್ಕಾ ಮರುದಿನ ಬೀಳತೈತಿ ಅಂತ ಅಪ್ಪಗ ಗೊತ್ತಿತ್ತೇನ?"

ನಾಲ್ಕು ಕಡೆ ಬೀಳುವ ಭತ್ತ ನೆನಪಾಯಿತು. ಯಾರ ತಲೆಯ ಮೇಲೆ ಎಷ್ಟು.

"ಇಲ್ರಿ" ಎಂದೆ.

"ನಿನಗ ಯಾವಾಗ ಗೊತ್ತಾತು?"

"ಮೊನ್ನೆ."

ಅವರು ತಲೆಯಾಡಿಸಿದರು. ಮೊದಲನೆಯದನ್ನು ಅವರಿಗಾಗಿ ಹೇಳಿದೆ, ಎರಡನೆಯದನ್ನು ನನಗಾಗಿ. ಎರಡೂ ಒಂದೇ ಧ್ವನಿಯಲ್ಲಿ ಬಂದವು, ಅವರಿಗೆ ವ್ಯತ್ಯಾಸ ತಿಳಿಯುವಂತಿರಲಿಲ್ಲ.

"ಎಲ್ಲಿ ಕುಂತಿದ್ರು ಅಪ್ಪ? ಅದೊಂದು ತೋರಿಸು."

ಆವಕ ವಿಭಾಗಕ್ಕೆ ಕರೆದುಕೊಂಡು ಹೋದೆ. ಗೋಡೆಗೆ ಒರಗಿಸಿದ ಹಳೆಯ ಮರದ ಬೆಂಚು. ಅವರು ಒಂದು ತುದಿಯಲ್ಲಿ ಕೂತು, ಪಕ್ಕದಲ್ಲಿ ಒಬ್ಬರು ಕೂರುವಷ್ಟು ಜಾಗ ಬಿಟ್ಟರು. ಗಾದಿಲಿಂಗಪ್ಪನವರು ಕನ್ನಡಕ ಏರಿಸಿ ನೋಡಿದರು.

"ಯಾರ್ರಿ ಅಕ್ಕಾರು?"

"ನನಗ ಕಲಿಸಿದ ಮೇಡಂ ರಿ."

"ಹೌದ್ರಿ? ಎಲ್ಲೋ ನೋಡಿದಂಗ ಐತಿ ಮಾರಿ. ಕುಂದರ್ರಿ ಅಕ್ಕಾರ, ಚಾ ತರಸ್ತೀನಿ. ಈ ಬೆಂಚಿನ ಮ್ಯಾಲೆ ಕುಂತವರನ್ನ ಚಾ ಕುಡಿಸದ ಕಳಸಂಗಿಲ್ಲ ನಾವು."

ನಾನು ಅವರಿಬ್ಬರ ನಡುವೆ ಬಂದು ನಿಂತೆ. ಗಾದಿಲಿಂಗಪ್ಪನವರು ಮುತ್ಯಾನ ಮಾತು ತೆಗೆದಾರು ಎಂಬ ಭಯ ನನಗೆ. ಬಿಸಿಲು, ಬಸ್ಸು, ಈ ವರ್ಷದ ಎರಡನೆಯ ಬೆಳೆಗೆ ಕಾಲುವೆ ನೀರು, ಏನೇನೋ ಮಾತಾಡಿದೆ. ಮೇಡಂ ನನ್ನ ಮಾತು ಕೇಳುತ್ತಿರಲಿಲ್ಲ. ಮೇಜಿನ ಮೇಲಿದ್ದ ಸಿಕ್ಕಾವನ್ನು, ಅದರ ಹಿಡಿಕೆಗೆ ಅಂಟಿದ ನೇರಳೆ ಶಾಯಿಯನ್ನು, ಅದರ ಪಕ್ಕದಲ್ಲಿದ್ದ ಗಾದಿಲಿಂಗಪ್ಪನವರ ಕೈಯನ್ನು ಬಹಳ ಹೊತ್ತು ನೋಡಿದರು. ಯಾರ ಕೈ ಎಂದು ಅವರಿಗೆ ಗೊತ್ತಾಗಿರಬೇಕು. ಏನೂ ಕೇಳಲಿಲ್ಲ. ಚಹಾ ಬಂತು. ಪೂರ್ತಿ ಕುಡಿದು, ಲೋಟವನ್ನು ತಾವೇ ಮೇಜಿನ ಮೇಲಿಟ್ಟು, "ಚಾ ಛಲೋ ಇತ್ರಿ" ಎಂದರು.

ಗೇಟಿನವರೆಗೆ ಜತೆಗೆ ಹೋದೆ. ಗಂಗಾವತಿ ಬಸ್ಸು ಬಂತು. ಹತ್ತುವಾಗ ಒಂದು ಕಾಲು ಮೆಟ್ಟಿಲ ಮೇಲಿಟ್ಟು ನನ್ನ ತಲೆಯ ಮೇಲೆ ಕೈ ಇಟ್ಟರು. "ನೀ ಹೇಳಿದ್ದು ಭಾಳ ಆತವ್ವ. ಇನ್ನ ನಿದ್ದಿ ಬರತೈತಿ ನನಗ." ಬಸ್ಸು ಹೋದ ಮೇಲೂ ಆ ಕೈಯ ಭಾರ ತಲೆಯ ಮೇಲೆ ಹಾಗೆಯೇ ಇತ್ತು.

ಮರಳಿ ಬರುವಾಗ ಗಾದಿಲಿಂಗಪ್ಪನವರು ಬಾಗಿಲಲ್ಲೇ ನಿಂತಿದ್ದರು.

"ಮೇಡಂರ, ಆ ಅಕ್ಕಾರ ಮಾರಿ ನೋಡಿ ನೆನಪಾತು ನೋಡ್ರಿ. ಆ ಮುತ್ಯಾನ ಮಗಳ ಕೆಲಸ ಏನಾತು? ಇಷ್ಟೊತ್ತಿಗೆ ಆಗಿರಬೇಕಲ್ಲ?"

ಅವರ ಮುಖದಲ್ಲಿ ಒಳ್ಳೆಯ ಸುದ್ದಿ ಕೇಳುವವರ ನಗು ಇತ್ತು. ಇನ್ನು ಒಂದು ತಿಂಗಳಿಗೆ ಅವರು ಆ ಸಿಕ್ಕಾವನ್ನು ಬೇರೆಯವರ ಕೈಗೆ ಕೊಟ್ಟು ಹಾರ ಹಾಕಿಸಿಕೊಂಡು ಹೋಗುತ್ತಾರೆ. ಅಪ್ಪ ಅವತ್ತೇ ಬಂದಿದ್ದರು ಎಂಬುದಷ್ಟನ್ನೇ ಮೇಡಂ ತೆಗೆದುಕೊಂಡು ಹೋಗಿದ್ದಾರೆ. ಮುದಿಯಪ್ಪ ಬೆಂಚಿನ ಮೇಲೆ ಕೂತು ಮರುದಿನದ ಸಿಕ್ಕಾ ಕೇಳಿದ್ದು, ಅವರು ಇನ್ನೂ ಬದುಕಿದ್ದ ಒಂಬತ್ತು ದಿನ ನಾನು ಫೋನ್ ಹಿಡಿದು ಕೂತಿದ್ದು, ಇವೆರಡೂ ಸೇರಿ ಗೊತ್ತಿರುವುದು ನನ್ನೊಬ್ಬಳಿಗೆ.

"ವಿಚಾರಿಸಿ ಹೇಳತೀನ್ರಿ" ಎಂದೆ.

ನನ್ನ ಮೇಜಿನ ಮೇಲೆ ಬಡ್ತಿಯ ಮನವಿಯ ಸ್ವೀಕೃತಿ ಪ್ರತಿ ಬಂದು ಕೂತಿತ್ತು. ಸಿಕ್ಕಾ ಸ್ಪಷ್ಟವಾಗಿತ್ತು. ಎಳ್ಳ ಅಮಾವಾಸ್ಯೆಯ ಮರುದಿನದ ತಾರೀಖು. ಅದನ್ನು ಡ್ರಾದ ತಳದಲ್ಲಿಟ್ಟು ಬೀಗ ಹಾಕಿದೆ. ಅತ್ತೆಗೆ, ಗಂಡನಿಗೆ, ಗಾದಿಲಿಂಗಪ್ಪನವರಿಗೆ, ಇನ್ನೊಮ್ಮೆ ಮೇಡಂ ಬಂದು ಕೇಳಿದರೂ ಮೇಡಂಗೆ, ಯಾರಿಗೂ ಆ ಎರಡನ್ನೂ ಹೇಳಬಾರದು ಎಂದು ನಿರ್ಧರಿಸಿದೆ.